ಕಂಬಿ ಎಲ್ಲಿದೆ ಎಂದು ಹೇಳುವ ಪತ್ರಿಕೆ

ಕಿರಂಗೂರಿನಲ್ಲಿ ನಮ್ಮ ದೊಡ್ಡಪ್ಪ ಕಟ್ಟಿಸುತ್ತಿದ್ದ ಹೊಸ ಮನೆಯ ಮುಂದೆ, ನೀರಿನ ತೊಟ್ಟಿಯ ಪಕ್ಕ, ಮನೆಯ ಕಡೆಗೆ ಮುಖ ಮಾಡಿಕೊಂಡು ನಾನು ನಿಂತಿದ್ದೆ. ೧೯೯೪ರ ಕಾರ್ತಿಕ ಮಾಸ, ಒಂದು ಸೋಮವಾರ. ಡೈರಿಗೆ ಹಾಲು ಹಾಕಿದವರು ಖಾಲಿ ಕ್ಯಾನು ಹಿಡಿದು ಮನೆಗೆ ಹಿಂದಿರುಗುತ್ತಿದ್ದ ಹೊತ್ತು. ನನಗೂ ಬಾಲ್ಕನಿಯ ಅಂಚಿಗೂ ನಡುವೆ ಎರಡು ಮಾರಿನಷ್ಟು ದೂರ ಇತ್ತು. ಬಿಸಿಲು ನನ್ನ ಬೆನ್ನ ಮೇಲಿತ್ತು, ಆದ್ದರಿಂದ ಕಣ್ಣಿಗೆ ಏನೂ ಅಡ್ಡಿಯಿರಲಿಲ್ಲ. ಕಂಡದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ, ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯುತ್ತೇನೆ.

ಬಾಲ್ಕನಿಗೆ ಮೋಲ್ಡ್ ಹಾಕಿ, ಅಂದರೆ ಕಾಂಕ್ರೀಟು ಸುರಿದು, ಸಾಕಷ್ಟು ದಿನ ಆಗಿತ್ತು. ಅವತ್ತು ಅದರ ಕೆಳಗೆ ಆಸರೆಯಾಗಿ ಕೊಟ್ಟಿದ್ದ ಸರ್ವೆ ಮರಗಳನ್ನು ತೆಗೆಯುವ ಕೆಲಸ. ಗಂಜಾಂನಿಂದ ಬರುತ್ತಿದ್ದ ಮೇಸ್ತ್ರಿ ತಾನೇ ಸುತ್ತಿಗೆ ಹಿಡಿದು ಒಂದೊಂದೇ ಮರದ ಬುಡಕ್ಕೆ ಹೊಡೆದು ಸಡಿಲಿಸುತ್ತಿದ್ದ. ಬಾಲ್ಕನಿಯ ನೆರಳಿಗೆ ದೊಡ್ಡವ್ವ ಎಮ್ಮೆಕರುವನ್ನು ಕಟ್ಟಿದ್ದಳು. ಮೇಸ್ತ್ರಿ ಎರಡು ಸಲ ಕೂಗಿದ ಮೇಲೆ ಬಂದು ಹಗ್ಗ ಬಿಚ್ಚಿದಳು. ಕರು ಏಳಲಿಲ್ಲ. ಅವಳು ಅದರ ಬಾಲ ಹಿಂಡಿ, ಬೆನ್ನಿಗೆ ಒಂದು ಏಟು ಕೊಟ್ಟು, ಬೈಯುತ್ತ ಎಳೆದುಕೊಂಡು ತೊಟ್ಟಿಯ ಕಡೆಗೆ ಬಂದಳು. ನನ್ನ ಹತ್ತಿರಕ್ಕೆ ಇನ್ನೂ ಬಂದಿರಲಿಲ್ಲ.

ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಮುರಿದರೆ ಆಗುವಂಥ ಸದ್ದು. ಸದ್ದು ಮೊದಲೋ ಅಂಚು ಕುಸಿದದ್ದು ಮೊದಲೋ ಹೇಳಲಾರೆ. ಬಾಲ್ಕನಿಯ ಮುಂದಿನ ಅಂಚು ತಲೆ ಬಾಗಿಸಿದಂತೆ ಕೆಳಗೆ ಇಳಿಯಿತು. ಬಲಗಡೆಯ ಅರ್ಧ ಕಿತ್ತು ನೆಲಕ್ಕೆ ಬಿತ್ತು. ಎಡಗಡೆಯ ಅರ್ಧ ಗೋಡೆಗೆ ಆತುಕೊಂಡು ಕಂಬಿಗಳ ಮೇಲೆ ನೇತಾಡಿತು. ಆಮೇಲೆ ಧೂಳು. ಧೂಳಿನೊಳಗೆ ಏನು ನಡೆಯಿತೋ ನಾನು ನೋಡಿಲ್ಲ. ಅದು ಇಳಿದಾಗ ಮೇಸ್ತ್ರಿ ಗೋಡೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮೊಣಕಾಲು ಹಿಡಿದುಕೊಂಡಿದ್ದ. ಅಲ್ಲಿ ರಕ್ತ ಬರುತ್ತಿತ್ತು. ದೊಡ್ಡವ್ವ ಹಗ್ಗವನ್ನು ಕೈಗೆ ಸುತ್ತಿಕೊಂಡು ನಿಂತೇ ಇದ್ದಳು. ಅವಳ ಸೀರೆಯ ಅಂಚು ಹಿಂದುಗಡೆ ಪೂರಾ ಬೆಳ್ಳಗಾಗಿತ್ತು. ಕರು ಮಲಗಿದ್ದ ಜಾಗದಲ್ಲಿ ಕಾಂಕ್ರೀಟಿನ ತುಂಡು ಬಿದ್ದಿತ್ತು.

ಒಳಗಿನಿಂದ ಓಡಿಬಂದ ದೊಡ್ಡಪ್ಪ ಮೊದಲು "ಕರ ಎಲ್ಲಿ?" ಅಂದರು. ಆಮೇಲೆ "ಇವ್ಳೆಲ್ಲಿ?" ಅಂದರು. ದೊಡ್ಡವ್ವ ಇದನ್ನು ಮುಂದೆ ಬಹಳ ವರ್ಷ ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದಳು. "ಮೊದ್ಲು ಎಮ್ಮೆಕರ ಕೇಳ್ದ ಕಣವ್ವ, ಆಮೇಲೆ ಕಟ್ಕೊಂಡೋಳ್ನ." ಆದರೆ ಅವತ್ತು ಅವಳು ನಗಲಿಲ್ಲ. ಹಗ್ಗವನ್ನು ಅವಳ ಕೈಯಿಂದ ನಾನೇ ಬಿಡಿಸಬೇಕಾಯಿತು. ಬಿಡಿಸಿ ಕರುವನ್ನು ತೊಟ್ಟಿಯ ಆಚೆ ಕಟ್ಟಿದೆ.

ಆ ಬಾಲ್ಕನಿ ಹುಟ್ಟಿದ್ದು ಒಂದು ಪತ್ರಿಕೆಯ ಹಾಳೆಯಿಂದ. ದೊಡ್ಡಪ್ಪನ ಮಗಳನ್ನು, ಅಂದರೆ ನನ್ನ ಅಕ್ಕನನ್ನು, ಕೆ.ಆರ್. ಪೇಟೆಗೆ ಕೊಟ್ಟಿತ್ತು. ಬೀಗರ ಮನೆಯಲ್ಲಿ ಯಾರೋ ತಂದಿಟ್ಟಿದ್ದ ಇಂಗ್ಲಿಷಿನ ವಾಸ್ತುಶಿಲ್ಪ ಪತ್ರಿಕೆಯೊಂದು ಇತ್ತು. ಕನ್ನಡಿಯಂತೆ ಹೊಳೆಯುವ ದಪ್ಪ ಕಾಗದ. ಊಟಕ್ಕೆ ಎಲೆ ಹಾಕುವ ತನಕ ಹೊತ್ತು ಕಳೆಯಲು ದೊಡ್ಡಪ್ಪ ಅದನ್ನು ತಿರುವಿ ಹಾಕುತ್ತಿದ್ದವರು ಒಂದು ಹಾಳೆಯಲ್ಲಿ ನಿಂತುಬಿಟ್ಟರು. ಬಿಳಿ ಮನೆ, ಹಿಂದೆ ಸಮುದ್ರ, ಮನೆಯಿಂದ ಮುಂದಕ್ಕೆ ಚಾಚಿದ ಬಾಲ್ಕನಿ, ಅದರ ಕೆಳಗೆ ಒಂದು ಕಂಬವೂ ಇಲ್ಲ. ಬೀಗರು ಸಂತೋಷದಿಂದ ಹಾಳೆ ಹರಿದುಕೊಟ್ಟರು. ದೊಡ್ಡಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಡೈರಿಯಲ್ಲಿ, ಹೋಟೆಲಿನಲ್ಲಿ, ಕಟಿಂಗ್ ಶಾಪಿನಲ್ಲಿ ತೋರಿಸಿದರು. "ಕಂಬ ಇಲ್ದೆ ನಿಂತದೆ ನೋಡ್ಲಾ. ನಮ್ ಮನೆಗೂ ಇಂಗೇ ಬರ್ಬೇಕು."

ನಾನು ಆಗ ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿದ್ದ ಒಬ್ಬ ಇಂಜಿನಿಯರರ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ದೊಡ್ಡಪ್ಪನ ಮನೆಯ ನಕ್ಷೆ ನಮ್ಮ ಆಫೀಸಿನಿಂದಲೇ ಹೋಗಿತ್ತು. ಅದರಲ್ಲಿ ಬಾಲ್ಕನಿ ಇರಲಿಲ್ಲ, ಕಿಟಕಿಗಳಿಗೆ ಸಜ್ಜ ಮಾತ್ರ ಇತ್ತು. ಹಾಳೆ ಬಂದದ್ದು ಗೋಡೆ ಎದ್ದ ಮೇಲೆ. ದೊಡ್ಡಪ್ಪ ಅದನ್ನು ನೇರವಾಗಿ ಮೇಸ್ತ್ರಿಯ ಕೈಗೆ ಕೊಟ್ಟರು. ಮೇಸ್ತ್ರಿ ಬೇರೆ ಕಡೆ ಸಣ್ಣ ಬಾಲ್ಕನಿ ಹಾಕಿದ್ದವನು, ಆಗಲಿ ಅಂದ. ಮೋಲ್ಡ್ ಹಾಕಿದ ದಿನ ನಾನು ಆಫೀಸಿನಲ್ಲಿದ್ದೆ. ಆದ್ದರಿಂದ ಆ ದಿನ ಏನೇನು ನಡೆಯಿತೆಂದು ಮೊದಲು ನನಗೆ ಗೊತ್ತಿರಲಿಲ್ಲ.

ಬಿದ್ದ ಮೇಲೆ ಊರಿನವರೆಲ್ಲ ಬಂದು ನೋಡಿದರು. ಪ್ರತಿಯೊಬ್ಬರ ಹತ್ತಿರವೂ ಒಂದು ಕಾರಣವಿತ್ತು. ಕಣ್ಣು ಬಿತ್ತು ಅಂದರು. ಸಿಮೆಂಟು ಹಳೇದು ಅಂದರು. ರಾಹುಕಾಲದಲ್ಲಿ ಶುರು ಮಾಡಿದಿರಿ ಅಂದರು. ಡೈರಿಯ ಹತ್ತಿರ ಒಬ್ಬರು, "ಸಮುದ್ರದ ದಡದ್ದು ನಾಲೆ ದಡದಲ್ಲಿ ಎಂಗ್ಲಾ ನಿಂತದು?" ಎಂದು ಕೇಳಿದ್ದಕ್ಕೆ ಸುತ್ತಲಿದ್ದವರೆಲ್ಲ ನಕ್ಕರು. ಮೇಸ್ತ್ರಿ ಮಾತ್ರ ಒಂದೇ ಮಾತು ಹೇಳಿದ. "ಕಂಬಿ ಕಟ್ಟೋದ್ರಲ್ಲಿ ನಾನು ಒಂದೂ ತಪ್ಪು ಮಾಡಿಲ್ಲ ಸಾಮಿ. ಯಾಕೆ ಬಿತ್ತೋ ನಂಗೂ ತಿಳೀತಿಲ್ಲ."

ದೊಡ್ಡಪ್ಪ ಮೂರು ದಿನ ಬಿದ್ದ ತುಂಡುಗಳ ಸುತ್ತ ತಿರುಗಿದರು. ಆಮೇಲೆ ಮೇಸ್ತ್ರಿಯನ್ನು ಕರೆಸಿದರು. "ಸಂಕ್ರಾಂತಿ ಕಳೀತಿದ್ದಂಗೆ ಮತ್ತೆ ಆಕು. ಅದೇ ಬಾಲ್ಕನಿ, ಅದೇ ಅಳ್ತೆ. ಕಂಬಿ ಮಾತ್ರ ಎರಡರಷ್ಟು ಆಕ್ಬುಡು."

ಆ ಜಾಗದಲ್ಲಿ ದೊಡ್ಡವ್ವ ದಿನಕ್ಕೆ ಎರಡು ಹೊತ್ತು ಹಾಲು ಕರೆಯುವವಳು. ಹೊಸ ಮನೆ ಆದ ಮೇಲೂ ಎಮ್ಮೆ ಅಲ್ಲೇ ಇರಬೇಕು, ಮಳೆ ಬಂದರೆ ಬಾಲ್ಕನಿ ಆಗುತ್ತದೆ ಎಂದು ಅವಳೇ ಹೇಳಿಕೊಂಡಿದ್ದಳು. ಯಾಕೆ ಬಿತ್ತು ಎಂದು ತಿಳಿಯದೆ ಎರಡನೆಯದನ್ನು ಹಾಕಿದರೆ, ಅದು ಬೀಳುವಾಗ ಅವಳು ಹಗ್ಗ ಬಿಚ್ಚಿಕೊಂಡು ಈಚೆಗೆ ಬಂದಿರುತ್ತಾಳೆ ಎಂದು ಹೇಳುವವರು ಯಾರು?

"ಯಾಕೆ ಬಿತ್ತು ಅಂತ ಗೊತ್ತಾಗೋವರ್ಗೂ ಹಾಕುಸ್ಬೇಡಿ ದೊಡ್ಡಪ್ಪ," ಅಂದೆ.

"ನೀನು ಇಂಕಿನಲ್ಲಿ ಗೆರೆ ಎಳ್ಯೋನು. ನಿಂಗೇನ್ಲಾ ಗೊತ್ತು?"

"ಗೊತ್ತಿಲ್ಲ. ತಿಳ್ಕೊಂಡು ಬರ್ತೀನಿ."

"ಸಂಕ್ರಾಂತಿಗಂಟ ಟೇಮು. ತಿಳ್ಕೊಂಬಾ. ಇಲ್ದಿದ್ರೆ ಬಾಯ್ಮುಚ್ಕೊಂಡು ಬಾಡೂಟಕ್ಕೆ ಬಾ."

ನಮ್ಮ ಇಂಜಿನಿಯರರಿಗೆ ಹೇಳಿದೆ. ತಮ್ಮ ನಕ್ಷೆಯಲ್ಲಿ ಇಲ್ಲದ್ದನ್ನು ತಮ್ಮನ್ನು ಕೇಳದೆ ಕಟ್ಟಿಸಿದರೆಂದು ಅವರಿಗೆ ಸಿಟ್ಟು ಇತ್ತು. ಆದರೂ ಪೂರ್ತಿ ಕೇಳಿಸಿಕೊಂಡರು. "ಗೋಡೆಯಿಂದ ಆಚೆಗೆ ಚಾಚಿದ್ದಕ್ಕೆ ಕಂಬಿ ಮೇಲ್ಗಡೆ ಇರ್ಬೇಕು. ಅಂಚು ಕೆಳಕ್ಕೆ ಜಗ್ಗಿದಾಗ ಮೇಲ್ಗಡೇನೇ ಬಿರಿಯೋದು, ಕಂಬಿ ಅಲ್ಲಿ ಹಿಡಿದಿರ್ಬೇಕು. ಕೆಳಗಡೆ ಇದ್ರೆ ಬೀಳ್ತದೆ. ಅಷ್ಟೇ ಕಣಯ್ಯಾ," ಅಂದರು.

"ಮೇಲ್ಗಡೇನೇ ಕಟ್ಟಿದ್ದೆ ಅಂತಾನೆ ಸಾರ್ ಮೇಸ್ತ್ರಿ."

"ಹಂಗಾದ್ರೆ ಬೀಳ್ಬಾರ್ದಿತ್ತು." ಆಮೇಲೆ ಹೇಳಿದರು. "ನಾನು ಬಂದು ಹೇಳಿದ್ರೂ ನಿಮ್ಮ ದೊಡ್ಡಪ್ಪ ಕೇಳೋರಲ್ಲ. ಅವರು ಅಚ್ಚಾದ ಹಾಳೆ ನಂಬೋರು. ಅವರಿಗೆ ಅಚ್ಚಾದ ಹಾಳೇನೇ ತೋರಿಸ್ಬೇಕು." ಅದೇ ಮಾತಿಗೆ ಇನ್ನೊಂದನ್ನೂ ಸೇರಿಸಿದರು. ಆಫೀಸಿಗೆ ಬರುವ ವರ್ಷದಿಂದ ಒಂದು ವಾಸ್ತುಶಿಲ್ಪ ಪತ್ರಿಕೆ ತರಿಸಬೇಕೆಂದಿದ್ದರು. ಒಂದು ಮಾತ್ರ. ಯಾವುದೆಂದು ನೋಡಿ ಆರಿಸುವ ಕೆಲಸವನ್ನು ನನಗೇ ಕೊಟ್ಟರು. "ಗಿರಾಕಿ ಕಾಯೋವಾಗ ತಿರುವಿ ಹಾಕೋ ಹಂಗಿರ್ಲಿ. ಬಣ್ಣ ಗಿಣ್ಣ ಇರ್ಲಿ."

ನಾನು ಡಿಪ್ಲೊಮಾ ಓದಿದ್ದು ನಾಗಮಂಗಲದಲ್ಲಿ. ಆ ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಹಳೆಯ ಕಾಲೇಜಿನ ಲೈಬ್ರರಿಗೆ ಹೋದೆ. ಲೈಬ್ರರಿಯವರು ನಾನು ಓದುವಾಗಲೂ ಇದ್ದ ಅದೇ ಮೇಡಂ. ಪೇಟೆಯ ದೇವಸ್ಥಾನದ ಮನೆತನದವರು, ಮೆತ್ತಗೆ ಮಾತಾಡುತ್ತಲೇ ಚುಚ್ಚುವವರು.

"ಬಾಪ್ಪ. ಮೂರು ವರ್ಷ ಇಲ್ಲೇ ಇದ್ದಾಗ ಈ ಬಾಗಿಲು ಯಾವ ದಿಕ್ಕಿಗಿದೆ ಅಂತ ನಿನಗೆ ಗೊತ್ತಿರ್ಲಿಲ್ಲ. ಈಗ ಬಸ್ಸು ಹಿಡಿದು ಬಂದಿದ್ದೀಯ."

ಕಟ್ಟಡದ ಪತ್ರಿಕೆಗಳು ಬೇಕು ಎಂದೆ. ಅವರು ಒಳಗಿನಿಂದ ಸೆಣಬಿನ ದಾರದಲ್ಲಿ ಕಟ್ಟಿದ್ದ ಕಂತೆಗಳನ್ನು ತರಿಸಿ ಮೇಜಿನ ಮೇಲಿಟ್ಟರು. ಗಂಟು ಬಿಚ್ಚಿದವರು ಯಾರೂ ಇದ್ದಂತಿರಲಿಲ್ಲ. ನಾಲ್ಕು ಬಗೆಯ ಪತ್ರಿಕೆಗಳಿದ್ದವು. ಎಲ್ಲವೂ ಇಂಗ್ಲಿಷಿನವು. ನನ್ನ ಇಂಗ್ಲಿಷು ನಿಧಾನ. ಒಂದು ಪುಟಕ್ಕೆ ಹತ್ತು ಸಲ ಮೇಡಂ ಅವರ ಡಿಕ್ಷನರಿ ನೋಡಬೇಕು.

ಆರಿಸುವುದು ಹೇಗೆ? ಚಿತ್ರ ನೋಡಿ ಆರಿಸಬಾರದು ಎಂಬುದೊಂದು ನನಗೆ ಖಂಡಿತವಾಗಿ ಗೊತ್ತಿತ್ತು. ಚಿತ್ರ ನೋಡಿ ಆರಿಸಿದ್ದರ ಅರ್ಧ ನೆಲಕ್ಕೆ ಬಿದ್ದದ್ದನ್ನು, ಇನ್ನರ್ಧ ಗೋಡೆಗೆ ನೇತಾಡುತ್ತಿರುವುದನ್ನು ಕಣ್ಣಾರೆ ಕಂಡಿದ್ದೆ. ಬಹಳ ಹೊತ್ತು ಯೋಚಿಸಿ ನನಗೆ ಬರುವ ಕೆಲಸವನ್ನೇ ಒರೆಗಲ್ಲು ಮಾಡಿಕೊಂಡೆ. ಪ್ರತಿ ಪತ್ರಿಕೆಯಲ್ಲೂ ಒಂದು ಮನೆಯನ್ನು ತೆಗೆದುಕೊಳ್ಳುವುದು. ಅವರು ಅಚ್ಚು ಹಾಕಿದ್ದನ್ನು ಮಾತ್ರ ಇಟ್ಟುಕೊಂಡು ಆ ಮನೆಯ ಸೆಕ್ಷನ್ ಬರೆಯಲು ನೋಡುವುದು. ಸೆಕ್ಷನ್ ಅಂದರೆ, ಹಲಸಿನ ಹಣ್ಣನ್ನು ನಡುವೆ ಸೀಳಿದರೆ ತೊಳೆ ಎಲ್ಲಿ, ಗೂಂಜು ಎಲ್ಲಿ ಎಂದು ಕಾಣುವ ಹಾಗೆ, ಮನೆಯನ್ನು ಮೇಲಿನಿಂದ ಕೆಳಗೆ ಸೀಳಿ ತೋರಿಸುವ ನಕ್ಷೆ. ಬರೆಯಲು ಸಾಧ್ಯವಾದರೆ ಆ ಪತ್ರಿಕೆ ಓದುವವನಿಗೆ ಏನೋ ಕೊಡುತ್ತಿದೆ. ಆಗದಿದ್ದರೆ ತೋರಿಸಿ ಬಚ್ಚಿಡುತ್ತಿದೆ.

ಮೊದಲು ಕೈಗೆ ಸಿಕ್ಕಿದ್ದೇ ಹೊಳೆಯುವ ಕಾಗದದ್ದು. ಒಂದು ಸಂಚಿಕೆ ತಿರುವುತ್ತಿದ್ದಾಗ ಕೈ ನಿಂತಿತು. ಬಿಳಿ ಮನೆ, ಸಮುದ್ರ, ಕಂಬವಿಲ್ಲದ ಬಾಲ್ಕನಿ. ಬೀಗರ ಮನೆಯಲ್ಲಿದ್ದದ್ದು ಇದೇ ಸಂಚಿಕೆ. ದೊಡ್ಡಪ್ಪನ ಜೇಬಿಗೆ ಬರದೆ ಉಳಿದಿದ್ದ ಪುಟಗಳನ್ನೂ ಓದಿದೆ. ಸಮುದ್ರದ ಬಣ್ಣದ ಬಗ್ಗೆ ಇತ್ತು. ಸೋಫಾದ ಬಟ್ಟೆಯ ಬಗ್ಗೆ ಇತ್ತು. ಮನೆಯ ಯಜಮಾನರ ಅಭಿರುಚಿಯ ಬಗ್ಗೆ ಒಂದು ಕಾಲಂ ಪೂರ್ತಿ ಇತ್ತು. ಬಾಲ್ಕನಿಯನ್ನು ಯಾವುದು ಹಿಡಿದುಕೊಂಡಿದೆ ಎಂದು ಒಂದೇ ಒಂದು ಸಾಲು ಇರಲಿಲ್ಲ. ಅಡುಗೆಮನೆ ಎಲ್ಲಿದೆ ಎಂದು ಹುಡುಕಿದೆ, ಅದೂ ಸಿಗಲಿಲ್ಲ. ಪೆನ್ಸಿಲು ಎತ್ತಿ ಗೋಡೆಯೊಂದನ್ನು ಬರೆದು, ಮುಂದೆ ಬರೆಯಲಾಗದೆ ಕೆಳಗಿಟ್ಟೆ.

ಎರಡನೆಯದು ಬರೀ ಮಾತು. ದೊಡ್ಡ ದೊಡ್ಡ ವಿಚಾರಗಳು, ಆದರೆ ಒಂದು ಗಂಟೆ ಓದಿದರೂ ಒಂದು ಬಾಗಿಲಿನ ಅಗಲ ಗೊತ್ತಾಗಲಿಲ್ಲ. ಅದು ಕೆಟ್ಟದ್ದು ಎನ್ನಲಾರೆ, ನನ್ನ ಓದಿಗೆ ಎಟುಕಲಿಲ್ಲ. ಮೂರನೆಯದರಲ್ಲಿ ಜಾಹೀರಾತು ಎಲ್ಲಿ ಮುಗಿದು ಲೇಖನ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದೇ ಕಷ್ಟ. ಟೈಲ್ಸಿನ ಜಾಹೀರಾತಿನ ಎದುರು ಪುಟದಲ್ಲಿ ಅದೇ ಟೈಲ್ಸು ಹಾಕಿದ ಮನೆಯ ಹೊಗಳಿಕೆ.

ಕಿಟಕಿಯ ಬಿಸಿಲು ಮೇಜಿನಿಂದ ಇಳಿಯಿತು. ಮೇಡಂ ಬೀರುಗಳಿಗೆ ಬೀಗ ಹಾಕತೊಡಗಿದರು. ನಾಲ್ಕನೆಯದನ್ನು ಮುಂದಿನ ಶನಿವಾರಕ್ಕೆ ಇಟ್ಟುಕೊಂಡು ಹೊರಟೆ. ಬಸ್ಸಿನಲ್ಲಿ ಕೂತಾಗ ಕಣ್ಣು ಮುಚ್ಚಿದರೆ ಆ ಅಂಚು ಇಳಿಯುವುದೇ ಕಾಣುತ್ತಿತ್ತು. ಆದರೆ ಈ ಸಲ ಕಣ್ಣು ತೆರೆಯಲಿಲ್ಲ. ಇಳಿಯಲಿ, ಮೊದಲು ಎಲ್ಲಿ ಬಿರಿಯಿತು ಎಂದು ನೋಡೋಣ ಎಂದು ಹಟ ಹಿಡಿದು ನೋಡಿದೆ. ಕೆಳಗಿನಿಂದ ನೋಡಿದವನಿಗೆ ಮೇಲಿನ ಬಿರುಕು ಕಾಣುವುದಿಲ್ಲ. ನಾನು ಕೆಳಗೆ ನಿಂತಿದ್ದವನು.

ಮುಂದಿನ ಶನಿವಾರ ನೋಡಿದ ನಾಲ್ಕನೆಯ ಪತ್ರಿಕೆ ತೆಳ್ಳಗಿತ್ತು. ಬಣ್ಣವಿಲ್ಲ. ಕಾಗದ ನಮ್ಮೂರಿನ ಅಂಗಡಿಯಲ್ಲಿ ಕಡಲೆಪುರಿ ಕಟ್ಟಿಕೊಡುವ ಕಾಗದದ ಹಾಗೆ ಮಂಕಾಗಿತ್ತು. ಆದರೆ ಪ್ರತಿ ಮನೆಗೂ ಪ್ಲಾನ್ ಇತ್ತು, ಸೆಕ್ಷನ್ ಇತ್ತು, ಉತ್ತರ ದಿಕ್ಕಿನ ಬಾಣವಿತ್ತು. ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ಎಂದು ಬರೆದಿದ್ದರು. ಇನ್ನೊಂದು ಸಂಗತಿ ನನ್ನನ್ನು ಅಲ್ಲೇ ಕೂರಿಸಿತು. ಅವರು ಕೆಟ್ಟದ್ದನ್ನೂ ಅಚ್ಚು ಹಾಕುತ್ತಿದ್ದರು. ಕಟ್ಟಿ ಕೆಲವು ವರ್ಷವಾದ ಮನೆಗೆ ಮತ್ತೆ ಹೋಗಿ, ಇಲ್ಲಿ ಸೋರುತ್ತಿದೆ, ಈ ಕಿಟಕಿ ತಪ್ಪಾಯಿತು ಎಂದು ಕಟ್ಟಿಸಿದವರ ಬಾಯಿಂದಲೇ ಹೇಳಿಸಿದ್ದರು. ಹೊಳೆಯುವ ಪತ್ರಿಕೆಯ ಮನೆಗಳಲ್ಲಿ ಮಳೆಯೇ ಬರುತ್ತಿರಲಿಲ್ಲ.

ಒಂದು ಸಂಚಿಕೆಯಲ್ಲಿ ಬಾಲ್ಕನಿ ಇತ್ತು. ಒಬ್ಬ ಮೇಷ್ಟ್ರ ಮನೆಯದು, ನಮ್ಮದಕ್ಕಿಂತ ಚಿಕ್ಕದು. ಅದನ್ನು ಸೀಳಿ ತೋರಿಸಿದ್ದರು. ಕಂಬಿ ಮೇಲ್ಗಡೆ ಇತ್ತು. ಹೊರಗೆ ಎಷ್ಟು ಚಾಚಿದೆಯೋ ಅಷ್ಟಕ್ಕೆ ಕಡಿಮೆಯಿಲ್ಲದಂತೆ ಮನೆಯ ಚಾವಣಿಯ ಒಳಕ್ಕೂ ಹೋಗಿತ್ತು. ಆ ಕಂಬಿ ಕೆಳಗೆ ಇಳಿಯದಂತೆ ಅಡಿಗೆ ಬಗ್ಗಿಸಿದ ಕಂಬಿಯ ಪುಟ್ಟ ಕುರ್ಚಿಗಳನ್ನು ಕೊಟ್ಟಿದ್ದರು. ಪಕ್ಕದಲ್ಲಿ ಬರೆದಿದ್ದನ್ನು ಡಿಕ್ಷನರಿ ಹಿಡಿದು ಎರಡು ಸಲ ಓದಿಕೊಂಡೆ. ಕಾಂಕ್ರೀಟು ಸುರಿಯುವಾಗ ಮೇಲಿನ ಕಂಬಿಯ ಮೇಲೆ ಯಾರೂ ಕಾಲಿಡಬಾರದು, ಹಲಗೆ ಹಾಕಿ ಅದರ ಮೇಲೆ ನಡೆಯಬೇಕು, ತುಳಿದರೆ ಕಂಬಿ ತಳಕ್ಕೆ ಹೋಗುತ್ತದೆ, ತಳಕ್ಕೆ ಹೋದ ಕಂಬಿ ಇದ್ದೂ ಇಲ್ಲದ ಹಾಗೆ.

ಮೇಸ್ತ್ರಿ ಮೇಲೆ ಕಟ್ಟಿದ್ದು ನಿಜವಿರಬಹುದು. ಅದು ಮೇಲೆ ಉಳಿಯಲಿಲ್ಲ.

"ಯಾಕಪ್ಪ, ಹೀಗೆ ಬೆವರ್ತಿದ್ದೀಯ?" ಮೇಡಂ ಎದ್ದು ಬಂದರು.

ಎಲ್ಲವನ್ನೂ ಹೇಳಿದೆ. ಕರು, ಹಗ್ಗ, ಸೀರೆಯ ಅಂಚು. ಅವರು ಪುಟವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನೋಡಿದರು. "ಪತ್ರಿಕೆ ಹೊರಗೆ ಕೊಡೋ ಹಾಗಿಲ್ಲ," ಅಂದರು. ಆಮೇಲೆ ಅದನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. "ಮುಂದಿನ ಶನಿವಾರ ತಂದುಕೊಡು. ಕೆಲಸ ಹೋದ್ರೆ ನಿಮ್ಮ ದೊಡ್ಡಪ್ಪನ ಬಾಲ್ಕನೀಲೇ ಬಂದು ಇರ್ತೀನಿ. ಅದಕ್ಕಾದರೂ ಗಟ್ಟಿಯಾಗಿ ಕಟ್ಸು."

ಮಾರನೆಯ ಬೆಳಿಗ್ಗೆ ಕಿರಂಗೂರಿಗೆ ಹೋದವನು ಯಾರನ್ನೂ ಮಾತಾಡಿಸದೆ ಮೊದಲು ನೇತಾಡುತ್ತಿದ್ದ ತುಂಡಿನ ಹತ್ತಿರ ಹೋದೆ. ಜಲ್ಲಿಯ ಗುಡ್ಡೆಯ ಮೇಲೆ ಹತ್ತಿದರೆ ಮುರಿದ ಅಂಚು ಕಣ್ಣಿನ ಮಟ್ಟಕ್ಕೆ ಸಿಗುತ್ತಿತ್ತು. ಕಂಬಿಗಳು ಕಾಂಕ್ರೀಟಿನಿಂದ ಹೊರಬಂದ ಜಾಗಕ್ಕೆ ಹೆಬ್ಬೆರಳಿಟ್ಟು ನೋಡಿದೆ. ಎಲ್ಲವೂ ತಳದಲ್ಲಿದ್ದವು. ಅವುಗಳ ಮೇಲೆ ಅರ್ಧ ಗೇಣಿನಷ್ಟು ಬರೀ ಕಾಂಕ್ರೀಟು. ಕಂಬಿಗೆ ಕಟ್ಟಿದ್ದ ತಂತಿ ಒಂದೆರಡು ಕಡೆ ಕಾಣುತ್ತಿತ್ತು, ಅದು ಕೆಳಕ್ಕೆ ಜಗ್ಗಿ ಕಿತ್ತಿತ್ತು.

ದೊಡ್ಡವ್ವ ಸಗಣಿ ಬಾಚುತ್ತಿದ್ದಳು. "ಮೋಲ್ಡ್ ಹಾಕಿದ್ ದಿನ ಬಾಲ್ಕನಿ ಮೇಲೆ ಯಾರ್ಯಾರು ಹತ್ತಿದ್ರು ದೊಡ್ಡವ್ವ?" ಎಂದು ಕೇಳಿದೆ.

"ಯಾರ್ ಅತ್ನಿಲ್ಲ ಕೇಳು," ಅಂದಳು. ನಮ್ಮ ಕಡೆ ನಾಟಿಗೆ, ಕಬ್ಬು ಕಡಿಯುವುದಕ್ಕೆ ಮುಯ್ಯಾಳು ಬರುವ ಪದ್ಧತಿ. ನಾನು ನಿನ್ನ ಗದ್ದೆಗೆ ಬಂದರೆ ನೀನು ನನ್ನ ಗದ್ದೆಗೆ ಬರಬೇಕು. ಮೋಲ್ಡ್ ಹಾಕುವುದಕ್ಕೂ ಅದೇ ಪದ್ಧತಿ ಅಂಟಿಕೊಂಡಿತ್ತು. ಅವತ್ತು ನೆಂಟರು, ಇಷ್ಟರು, ಬೆಳಗೊಳದ ಭಾವಂದಿರು, ಕೆ.ಆರ್. ಪೇಟೆಯ ಬೀಗರು ಎಲ್ಲ ಬಂದಿದ್ದರು. ಮನೆ ನೆಂಟರ ಕೈಯಿಂದ ಏಳಬೇಕೆಂದು ಒಬ್ಬೊಬ್ಬರೂ ಒಂದೊಂದು ಬಾಂಡ್ಲಿ ಕಾಂಕ್ರೀಟು ಹೊತ್ತು ಸುರಿಯುವುದು. ಎಲ್ಲಿ ಸುರಿಯುವುದು? ಹಿಂದಿನ ಮೂಲೆಯಲ್ಲಿ ಸುರಿದರೆ ಯಾರಿಗೆ ಕಾಣುತ್ತದೆ? ಬಾಲ್ಕನಿ ಮನೆಯ ಮುಖ. ಎಲ್ಲರೂ ಅಲ್ಲಿಗೇ ಬಂದು ಸುರಿದರು. "ನಿಮ್ ದೊಡ್ಡಪ್ಪ ಮೊದ್ಲಿಂದ ಕಡೇಗಂಟ ಅಲ್ಲೇ ನಿಂತ್ಕೊಂಡು ಒಬ್ಬೊಬ್ರನ್ನೇ ಕರ್ದು ಉಯ್ಯಿಸ್ದ. ಮೇಸ್ತ್ರಿ ಇಳೀರಿ ಇಳೀರಿ ಅಂದ, ಯಾರ್ ಕೇಳಾರು? ಅವ್ನೂ ಆಮ್ಯಾಕೆ ಸುಮ್ಕಾದ."

ದೊಡ್ಡಪ್ಪನ ಮುಂದೆ ಪತ್ರಿಕೆಯ ಆ ಪುಟ ಬಿಚ್ಚಿದೆ. ಅವರು ಜೇಬಿನಿಂದ ತಮ್ಮ ಹಾಳೆಯನ್ನೂ ತೆಗೆದು ಪಕ್ಕದಲ್ಲಿ ಹರಡಿದರು. ಮಡಿಕೆಯ ಗುರುತಿನಲ್ಲಿ ಸಮುದ್ರ ಹರಿದುಹೋಗಿತ್ತು. ನಾನು ಎರಡನ್ನೂ ತೋರಿಸಿ ಹೇಳಿದೆ. "ನಿಮ್ಮ ಹಾಳೆ ಬಾಲ್ಕನಿ ಹೆಂಗೆ ಕಾಣ್ತದೆ ಅಂತ ಹೇಳ್ತದೆ ದೊಡ್ಡಪ್ಪ. ಇದು ಹೆಂಗೆ ನಿಂತದೆ ಅಂತ ಹೇಳ್ತದೆ." ಸೀಳು ನಕ್ಷೆಯ ಮೇಲೆ ಬೆರಳಿಟ್ಟು ಕಂಬಿ, ಕುರ್ಚಿ, ಒಳಗಿನ ಉದ್ದ ಎಲ್ಲವನ್ನೂ ತೋರಿಸಿದೆ. ಆಮೇಲೆ ಅವರನ್ನು ಜಲ್ಲಿ ಗುಡ್ಡೆಯ ಮೇಲೆ ಹತ್ತಿಸಿ, ಅವರ ಹೆಬ್ಬೆರಳನ್ನೇ ಆ ಕಂಬಿಗೆ ಇಡಿಸಿದೆ.

ಅವರು ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ಅಂಗಾದ್ರೆ ನಾನೇ ತುಳ್ದು ಬೀಳ್ಸ್ದೆ ಅಂತೀಯೇನ್ಲಾ?"

"ಎಲ್ರೂ ತುಳ್ದ್ರು. ನೀವು ಜಾಸ್ತಿ ಹೊತ್ತು ನಿಂತಿದ್ರಿ."

"ಅಕ್ಕರೆಗೆ ಬಂದ್ ಜನ ಕಣ್ಲಾ. ಕಾಲಿಡ್ಬ್ಯಾಡಿ ಅನ್ನಕಾದದಾ?"

"ಈ ಸಲ ಅನ್ನಲೇಬೇಕು. ನೀವು ಅನ್ನದಿದ್ರೆ ನಾನು ಅಂತೀನಿ."

ಅಷ್ಟಕ್ಕೆ ಮುಗಿಯಲಿಲ್ಲ. ನಕ್ಷೆಯ ಪ್ರಕಾರ ಹೊಸ ಕಂಬಿ ಒಳಕ್ಕೂ ಹೋಗಬೇಕಾದರೆ ಹಜಾರದ ಚಾವಣಿಯನ್ನು ಮುಂದಿನ ಗೋಡೆಯಿಂದ ಒಳಗೆ ಅಷ್ಟುದ್ದ ಒಡೆಯಬೇಕಿತ್ತು. ಗಟ್ಟಿಯಾಗಿ ನಿಂತಿದ್ದ ಚಾವಣಿ ಅದು. ದೊಡ್ಡಪ್ಪ ಅದಕ್ಕೆ ಖಡಾಖಂಡಿತ ಒಪ್ಪಲಿಲ್ಲ. "ಆದದ್ದು ಆಯ್ತು, ಕಂಬಿ ಮೇಲ್ಗಡೆ ಇಟ್ರೆ ಸಾಕು ಬುಡು. ಒಳ್ಗಡೆ ಯಾಕೆ ಒಡ್ಯದು?" ಇಲ್ಲದಿದ್ದರೆ ಬಾಲ್ಕನಿಯೇ ಬೇಡ ಎಂದೆ ನಾನು. ದನಿ ಏರಿತು. ಹೊರಗಡೆ ಕೇಳಿಸಿಕೊಳ್ಳುತ್ತಿದ್ದ ದೊಡ್ಡವ್ವ ಒಳಗೆ ಬಂದಳು.

"ಅದ್ರ ಕೆಳಗೆ ಕೂರೋಳು ನಾನು," ಅಂದಳು. "ಒಡ್ದಾಕು ಅಂತ ಏಳು ಮೇಸ್ತ್ರಿಗೆ. ಇಲ್ದಿದ್ರೆ ನಾಳಿಂದ ನೀನೇ ಅಲ್ಲಿ ಕುಂತು ಆಲು ಕರಿ."

ದೊಡ್ಡಪ್ಪ ತಲೆ ತಗ್ಗಿಸಿ ತಮ್ಮ ಹಾಳೆಯನ್ನು ಮಡಿಸಿದರು. ಅವತ್ತೇ ಸಂಜೆ ಮೇಸ್ತ್ರಿಗೆ ಹೇಳಿಕಳಿಸಿದರು.

ಆಫೀಸಿನಲ್ಲಿ ಇನ್ನೊಂದು ಜಗ್ಗಾಟ ಕಾದಿತ್ತು. ನಾನು ಆರಿಸಿದ ಮಂಕು ಪತ್ರಿಕೆಯನ್ನು ಇಂಜಿನಿಯರರು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಇದೇನಯ್ಯಾ, ತಿಥಿ ಕಾರ್ಡ್ ಇದ್ದಂಗದೆ. ಗಿರಾಕಿ ಇದನ್ನ ಮುಟ್ತಾರಾ?"

"ಬಣ್ಣದ್ದು ತರಿಸಿದ್ರೆ ಮುಟ್ತಾರೆ ಸಾರ್. ಮುಟ್ಟಿ ಹರ್ಕೊಂಡು ಹೋಗ್ತಾರೆ. ಹೋಗಿ ಮೇಸ್ತ್ರಿ ಕೈಗೆ ಕೊಡ್ತಾರೆ."

ಅವರು ನಗಲಿಲ್ಲ. ಮೇಷ್ಟ್ರ ಮನೆಯ ಬಾಲ್ಕನಿಯ ಪುಟ ತೆಗೆದು ಕೊನೆಯ ಸಾಲಿನ ತನಕ ಓದಿದರು. ಚಂದಾದ ಅರ್ಜಿಯನ್ನು ನನ್ನಿಂದಲೇ ತುಂಬಿಸಿದರು. ಆ ಪತ್ರಿಕೆ ಅಲ್ಲಿಂದ ಮುಂದೆ ಆಫೀಸಿಗೆ ತಿಂಗಳು ತಿಂಗಳು ಬಂತು. ಗಿರಾಕಿಗಳು ಮುಟ್ಟಲಿಲ್ಲ ಎಂಬುದು ನಿಜ. ನಾನು ಮುಟ್ಟಿದೆ. ಹೊಸ ಸಂಚಿಕೆ ಬಂದಾಗ ಮೊದಲು ಹಳೆಯ ಮನೆಗಳಿಗೆ ಮತ್ತೆ ಹೋಗಿ ನೋಡಿಬಂದ ಪುಟಗಳನ್ನು ಓದುತ್ತಿದ್ದೆ. ಯಾರಾದರೂ ಹುಡುಗರು ಬಂದು ಯಾವ ಪತ್ರಿಕೆ ಓದಲಿ ಎಂದು ಕೇಳಿದರೆ ಈಗಲೂ ಹೆಸರು ಹೇಳುವುದಿಲ್ಲ. ಒಂದು ಮನೆ ತೆಗೆದುಕೊ, ಸೀಳಿ ಬರೆಯಲು ನೋಡು ಎನ್ನುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ ಎರಡನೆಯ ಸಲ ಮೋಲ್ಡ್ ಹಾಕಿದರು. ಈ ಸಲ ನಾನು ರಜೆ ಹಾಕಿ ಬಾಲ್ಕನಿಯ ಅಂಚಿನಲ್ಲಿ ಅಡ್ಡ ನಿಂತೆ. ಕಂಬಿಗೆ ಕುರ್ಚಿ ಕೊಟ್ಟಾಗಿತ್ತು. ಅದರ ಮೇಲೆ ತಾಕದಂತೆ ಹಲಗೆಗಳನ್ನು ಹಾಸಿತ್ತು. ನೆಂಟರು ಬಂದರು. ಹಲಗೆಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದು, ಬಗ್ಗಿ ಸುರಿದು, ಹಾಗೇ ಹಿಂದಕ್ಕೆ ಹೋಗಬೇಕು ಎಂದೆ.

"ಏನ್ಲಾ ಇದು, ಸರ್ಕಸ್ ಆಡುಸ್ತೀಯಾ?" ಎಂದರು ಬೆಳಗೊಳದ ಭಾವ.

"ಆಡಿ ಭಾವ. ಕಾಲು ಕೆಳಗಿಟ್ರೆ ಊಟ ಇಲ್ಲ."

"ಬಾಡಿನ್ ವಿಷ್ಯದಲ್ಲಿ ತಮಾಸೆ ಮಾಡ್ಬ್ಯಾಡ," ಎಂದು ಅವರು ತೋಳು ಚಾಚಿ ತಕ್ಕಡಿಯಂತೆ ತೂಗುತ್ತ ಹಲಗೆಯ ಮೇಲೆ ನಡೆದರು. ಕೆಳಗೆ ಹೆಂಗಸರೆಲ್ಲ ನಕ್ಕರು. ಬೀಗರಲ್ಲಿ ಒಬ್ಬರು ಮಾತ್ರ ಮುಖ ಗಂಟಿಕ್ಕಿಕೊಂಡು ಬಾಂಡ್ಲಿಯನ್ನು ಕೆಳಗೇ ಇಟ್ಟು ಹೋದರು. ಅವರನ್ನು ಕರೆಯಲು ದೊಡ್ಡಪ್ಪ ಒಂದು ಹೆಜ್ಜೆ ಮುಂದಿಟ್ಟವರು, ತಮ್ಮ ಕಾಲಿನ ಮುಂದೆ ಕಂಬಿ ಇರುವುದನ್ನು ನೋಡಿ ಹಿಂದಕ್ಕೆ ತೆಗೆದುಕೊಂಡರು.

ಸರ್ವೆ ಮರ ತೆಗೆದ ಬೆಳಿಗ್ಗೆ ಕೆಳಗೆ ಮೇಸ್ತ್ರಿಯ ಹೊರತು ಯಾರೂ ಬಾರದಂತೆ ಸುತ್ತ ಹಗ್ಗ ಕಟ್ಟಿದೆವು. ಇಂಜಿನಿಯರರೂ ತಾವಾಗಿಯೇ ಬಂದಿದ್ದರು. ಮೊದಲು ತುದಿಯ ಮರ, ಆಮೇಲೆ ಒಳಗಿನವು, ಕಡೆಗೆ ಗೋಡೆಗೆ ಹತ್ತಿರದವು. ಪ್ರತಿ ಮರ ಬಿದ್ದ ಮೇಲೂ ಮೇಸ್ತ್ರಿ ನಿಂತು ಮೇಲೆ ನೋಡುತ್ತಿದ್ದ. ನಾನು ಈ ಸಲ ಕೆಳಗೆ ನಿಂತಿರಲಿಲ್ಲ. ಹಜಾರದ ಚಾವಣಿಯ ಮೇಲೆ, ಬಾಲ್ಕನಿ ಮನೆಗೆ ಸೇರುವ ಗೆರೆಯ ಹತ್ತಿರ ಮಂಡಿಯೂರಿ ಕೂತು ಆ ಗೆರೆಯನ್ನೇ ನೋಡುತ್ತಿದ್ದೆ. ಕಡೆಯ ಮರ ಬಿದ್ದ ಸದ್ದು ಕೇಳಿತು. ಗೆರೆ ಬಿರಿಯಲಿಲ್ಲ. ಕೈ ಇಟ್ಟು ಸವರಿದೆ. ಕೂದಲಿನಷ್ಟೂ ಬಿರುಕು ಇರಲಿಲ್ಲ. ಇದು ನಾನು ಕಂಡದ್ದು.

ಅವತ್ತು ಅಲ್ಲಿದ್ದವರಲ್ಲಿ ದೊಡ್ಡಪ್ಪ ತೀರಿಕೊಂಡಿದ್ದಾರೆ, ಬೆಳಗೊಳದ ಭಾವನೂ ಇಲ್ಲ. ದೊಡ್ಡವ್ವ ಇದ್ದಾಳೆ. ಅವಳು ನೀರಿನ ತೊಟ್ಟಿಯ ಈಚೆಗೆ ನಿಂತು ನೋಡಿದಳು. ಮೇಸ್ತ್ರಿ ಇದ್ದಾನೆ, ಗಂಜಾಂನಲ್ಲಿ ಮಗನ ಜೊತೆ. ನಮ್ಮ ಇಂಜಿನಿಯರರು ಪಾಂಡವಪುರದಲ್ಲೇ ಇದ್ದಾರೆ. ಕೆ.ಆರ್. ಪೇಟೆಯ ಅಕ್ಕ ಬೀದಿಯ ಆಚೆ ಬದಿಯಿಂದ ನೋಡಿದಳು, ಅವಳೂ ಇದ್ದಾಳೆ. ನಾನು ಹೇಳಿದ್ದರಲ್ಲಿ ಹೆಚ್ಚುಕಡಿಮೆ ಕಂಡರೆ ಈ ನಾಲ್ವರನ್ನು ಕೇಳಬಹುದು.